ಕ್ರಯಪತ್ರದಲ್ಲಿ ‘ಪಿಕೊಟ್ಟಾ’, ಹೊಲದಲ್ಲಿ ಏತ

ಪ್ರಶ್ನೆ: ನಮ್ಮ ಊರು ಕೊಳ್ಳೇಗಾಲ ತಾಲ್ಲೂಕಿನಲ್ಲಿದೆ. ಮುತ್ತಜ್ಜ ಕೊಂಡ ಮೂರು ಎಕರೆ ಜಮೀನಿನ ಮೂಲ ಕ್ರಯಪತ್ರ ಗೆದ್ದಲಿಗೆ ಆಹುತಿಯಾಗಿದೆ. ಹಿಂದೆ ಯಾವುದೋ ವ್ಯಾಜ್ಯಕ್ಕಾಗಿ ಮಾಡಿಸಿದ್ದ ಇಂಗ್ಲಿಷ್ ಅನುವಾದದ ನಕಲು ಮಾತ್ರ ಉಳಿದಿದೆ. ‘ಒಂದು ಪಿಕೊಟ್ಟಾ ಇರುವ ಕಲ್ಲುಕಟ್ಟಿನ ಬಾವಿ’ ಎಂಬ ಅರ್ಥದ ಸಾಲೊಂದು ಅದರಲ್ಲಿದೆ. ಈಗ ನಾವು ಮೂವರು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುತ್ತಿದ್ದೇವೆ. ಅದಕ್ಕಾಗಿ ಕನ್ನಡಕ್ಕೆ ಅನುವಾದ ಮಾಡಿಸಿದೆವು. ಅನುವಾದಕರು ‘ಪಿ. ಕೊಟ್ಟ ಎಂಬಲ್ಲಿರುವ ಬಾವಿ’ ಎಂದು ಬರೆದುಕೊಟ್ಟಿದ್ದಾರೆ. ಅಂಥ ಹೆಸರಿನ ಊರು ನಮ್ಮ ಸುತ್ತಮುತ್ತ ಇಲ್ಲ. ನಮ್ಮ ದೊಡ್ಡಪ್ಪ, ಅದು ತಮಿಳಿನ ‘ಪೈ ಕೊಟ್ಟು’, ಅಂದರೆ ಚೀಲದಿಂದ ನೀರು ಸುರಿಯುವ ಕಪಿಲೆ ಎನ್ನುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು, ಅದು ಏತ, ಏತ ಎಂಬ ಮಾತು ಸಂಸ್ಕೃತದ ‘ಯಂತ್ರ’ದಿಂದ ಬಂದದ್ದು, ಪರಂಗಿಯವರು ತಂದ ಸಾಧನ ಎಂದರು. ನನ್ನ ಮಗಳು ಹುಡುಕಿ, ಆ ಪದಕ್ಕೆ ಹಡಗಿನ ಸಲಕರಣೆ ಎಂಬ ಅರ್ಥವೂ ಅಪರಾಧಿಗಳನ್ನು ಕಟ್ಟುವ ಕಂಬ ಎಂಬ ಅರ್ಥವೂ ಇದೆ ಎಂದು ತೋರಿಸಿದಳು. ನಮ್ಮ ಹೊಲದ ಬಾವಿಗೂ ಹಡಗಿಗೂ ಏನು ಸಂಬಂಧ? ಪಾಲುಪತ್ರದಲ್ಲಿ ಏನೆಂದು ಬರೆಸಬೇಕು?

ಉತ್ತರ: ಮೊದಲು ನಿಮ್ಮ ಆತಂಕಕ್ಕೆ ಉತ್ತರ ಹೇಳಿಬಿಡುತ್ತೇನೆ. ‘ಪಿಕೊಟ್ಟಾ’ ಊರಿನ ಹೆಸರಲ್ಲ, ಅಳತೆಯಲ್ಲ, ಯಾರ ಹೆಸರೂ ಅಲ್ಲ. ಅದು ಏತ, ಬಾವಿಯಿಂದ ನೀರೆತ್ತುವ ಮರದ ಸಾಧನ. ನಿಮ್ಮ ಮುತ್ತಜ್ಜನ ಬಾವಿಯ ಮೇಲೆ ಏತ ಇತ್ತು ಎಂದಷ್ಟೇ ಆ ಸಾಲು ಹೇಳುತ್ತಿದೆ. ಮೇಷ್ಟ್ರು ಸಾಧನವನ್ನು ಸರಿಯಾಗಿಯೇ ಗುರುತಿಸಿದ್ದಾರೆ, ಅದರ ಮೂಲ ಮಾತ್ರ ಅವರು ಹೇಳಿದಂತಲ್ಲ. ನಿಮ್ಮ ಮಗಳು ತೋರಿಸಿದ್ದು ಪೂರ್ತಿ ನಿಜ. ದೊಡ್ಡಪ್ಪನವರ ಮಾತು ಮಾತ್ರ ಪತ್ರಕ್ಕೆ ಸೇರಿದರೆ ಮುಂದೆ ತೊಂದರೆ ಕೊಡಬಹುದು. ಏಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಹಳೆಯ ಕಂದಾಯ ಕಾಗದಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ನಾನು ಬಹಳ ವರ್ಷ ಕಳೆದಿದ್ದೇನೆ. ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲ ಈ ಮೂರು ಕಡೆಯ ಕಾಗದಗಳಲ್ಲಿ ಈ ಪದ ಮತ್ತೆ ಮತ್ತೆ ಎದುರಾಗುತ್ತದೆ. ಮೂರೂ ಹಿಂದೆ ಮದ್ರಾಸ್ ಪ್ರಾಂತ್ಯದಲ್ಲಿದ್ದವು ಎಂಬುದೇ ಅದಕ್ಕೆ ಕಾರಣ. ನಿಮ್ಮ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮದ್ರಾಸಿನ ಇಂಗ್ಲಿಷ್ ಗುಮಾಸ್ತರ ಬಾಯಲ್ಲಿ ಏತಕ್ಕೆ ಪಿಕೊಟ್ಟಾ ಎಂಬುದೇ ರೂಢಿಯ ಹೆಸರಾಗಿತ್ತು. ಬರೆಯುವಾಗ ಒಬ್ಬೊಬ್ಬರದು ಒಂದೊಂದು ರೂಪ: ಪಕೋಟ, ಪೆಕೊಟ್ಟ, ಪೈಕೊಟ್ಟಾ, ಪಿಕೋಟ. ಹೊಲದಲ್ಲಿ ನಿಂತ ರೈತನಿಗೆ ಮಾತ್ರ ಇವುಗಳಲ್ಲಿ ಒಂದೂ ಗೊತ್ತಿರಲಿಲ್ಲ. ಅವನು ಏತ ಎನ್ನುತ್ತಿದ್ದ, ಹಳ್ಳಿಯ ನಾಲಗೆಯಲ್ಲಿ ಯಾತ ಎನ್ನುತ್ತಿದ್ದ. ಏಕೆ ಎಂಬುದು ಯಾಕೆ, ಏತಕ್ಕೆ ಎಂಬುದು ಯಾತಕ್ಕೆ ಆದ ಹಾಗೆಯೇ ಇದು.

ಏತ ಕಾಣದ ತಲೆಮಾರು ಈಗ ಬಂದಿದೆ. ಆದ್ದರಿಂದ ಅದು ಹೇಗಿರುತ್ತಿತ್ತು ಎಂದು ಹೇಳಿಯೇ ಮುಂದೆ ಹೋಗಬೇಕು. ಬಾವಿಯ ಅಂಚಿನಿಂದ ಒಂದಷ್ಟು ಹಿಂದಕ್ಕೆ ನೆಟ್ಟ ಗಟ್ಟಿಯಾದ ಕವೆ ಕಂಬ, ಇಲ್ಲವೇ ಜೋಡಿ ಕಂಬ. ಆ ಕವೆಯಲ್ಲಿ ಅಡ್ಡಗೂಟದ ಮೇಲೆ ಕೂತು ಏರಿಳಿಯುವ ಉದ್ದನೆಯ ಮರ. ಮರದ ಬಾವಿಯ ಕಡೆಯ ತೋಳು ಉದ್ದ, ಹಿಂದಿನ ತೋಳು ಗಿಡ್ಡ. ಗಿಡ್ಡ ತುದಿಗೆ ಕಲ್ಲಿನ ಭಾರ, ಉದ್ದ ತುದಿಯಿಂದ ಕೆಳಕ್ಕೆ ಇಳಿಬಿದ್ದ ಬಿದಿರಿನ ಗಳ, ಗಳದ ತುದಿಗೆ ಬಾನಿ. ನಾನು ಹುಡುಗನಾಗಿದ್ದಾಗ ಅಜ್ಜಿಯ ಊರಿನ ಕೆರೆಯ ಹಿಂದಿನ ತೋಟದಲ್ಲಿ ಇಂಥದೊಂದು ಇನ್ನೂ ನಡೆಯುತ್ತಿತ್ತು. ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು ಆ ಬಿದಿರಿನ ಗಳ. ಏತ ಎತ್ತುವವರ ಅಂಗೈ ಆಡುತ್ತಿದ್ದ ಭಾಗವೆಲ್ಲ ಎಣ್ಣೆ ಸವರಿದಂತೆ ನುಣುಪಾಗಿ ಜೇನುಬಣ್ಣಕ್ಕೆ ತಿರುಗಿತ್ತು. ಅದಕ್ಕಿಂತ ಮೇಲೆ, ಕೈ ಎಟುಕದ ಕಡೆ, ಬಿದಿರು ಬೂದುಬಣ್ಣಕ್ಕೆ ಒಣಗಿ ಸಿಬಿರೆದ್ದಿತ್ತು. ಅಡ್ಡಗೂಟ ಕಿರುಗುಟ್ಟದಿರಲಿ ಎಂದು ಬೆಳಿಗ್ಗೆ ಕೆಲಸಕ್ಕೆ ಮೊದಲು ಕವೆಗೆ ಹರಳೆಣ್ಣೆ ಬಿಡುತ್ತಿದ್ದರು. ಆ ಎಣ್ಣೆಯ ವಾಸನೆ, ಒದ್ದೆ ಮಣ್ಣಿನ ವಾಸನೆ ಎರಡೂ ನನ್ನ ಮಟ್ಟಿಗೆ ಬೇರೆ ಬೇರೆಯಾಗಲೇ ಇಲ್ಲ.

ಏತದ ಜಾಣ್ಮೆ ಇರುವುದು ಆ ಕಲ್ಲಿನಲ್ಲಿ. ತುಂಬಿದ ಬಾನಿಯನ್ನು ಮೇಲಕ್ಕೆ ಎಳೆಯಲು ಬೆನ್ನು ಬಗ್ಗಬೇಕು, ತೋಳು ಸೋಲುತ್ತದೆ. ಖಾಲಿ ಬಾನಿಯನ್ನು ಕೆಳಕ್ಕೆ ಎಳೆಯಲು ಗಳ ಹಿಡಿದು ಮೈಭಾರ ಬಿಟ್ಟರೆ ಸಾಕು. ಏತ ಮಾಡುವುದು ಇಷ್ಟೇ: ಎತ್ತುವ ಕೆಲಸವನ್ನು ಕಲ್ಲಿಗೆ ಒಪ್ಪಿಸಿ, ಇಳಿಸುವ ಕೆಲಸವನ್ನು ಮನುಷ್ಯನಿಗೆ ಬಿಡುತ್ತದೆ. ನೀರು ಇನ್ನೂ ಆಳಕ್ಕೆ ಹೋದ ಕಡೆ ಕಲ್ಲಿನ ಬದಲು ಆಳುಗಳೇ ಆ ಮರದ ಮೇಲೆ ಹಿಂದೆ ಮುಂದೆ ನಡೆಯುತ್ತಿದ್ದರು, ಕೆಳಗೆ ನಿಂತವನು ಬಾನಿಯನ್ನು ಹಿಡಿದು ಕಾಲುವೆಗೆ ಸುರಿಯುತ್ತಿದ್ದ. ತಮಿಳುನಾಡಿನಲ್ಲಿ ಈ ತುಳಿಯುವ ಏತ ಹೆಚ್ಚಾಗಿತ್ತು. ಕಾಲು ಜಾರಿದರೆ ಬಾವಿಯೇ ಗತಿಯಾಗಿದ್ದ ಕೆಲಸ ಅದು.

ಇನ್ನು ಪಿಕೊಟ್ಟಾ. ಇದು ಪೋರ್ಚುಗೀಸ್ ಭಾಷೆಯ ‘ಪಿಕೋಟ’. ‘ಪಿಕೊ’ ಎಂದರೆ ಮೊನೆ, ಶಿಖರ. ಪಿಕೋಟ ಎಂದರೆ ನೆಟ್ಟಗೆ ನಿಲ್ಲಿಸಿದ ಕಂಬ. ಊರ ನಡುವೆ ಅಪರಾಧಿಗಳನ್ನು ಕಟ್ಟಿ ಎಲ್ಲರ ಕಣ್ಣಿಗೆ ಬೀಳುವಂತೆ ಮಾಡುತ್ತಿದ್ದ ಕಂಬಕ್ಕೂ ಅದೇ ಹೆಸರು. ನಿಮ್ಮ ಮಗಳು ಕಂಡ ಅರ್ಥ ಅದೇ. ಹಳೆಯ ಗೋವಾಕ್ಕೆ ಹೋದವರಿಗೆ ಅಂಥದೊಂದು ಕಲ್ಲುಕಂಬವನ್ನು ಇವತ್ತಿಗೂ ತೋರಿಸುತ್ತಾರೆ, ಕೊಂಕಣಿಯಲ್ಲಿ ಅದಕ್ಕೆ ಕೈ ಕತ್ತರಿಸುವ ಕಂಬ ಎಂಬ ಅರ್ಥದ ಹೆಸರಿದೆ. ಹಡಗಿನಲ್ಲಿ ಪಿಕೋಟ ಎಂದರೆ ಬೇರೆ. ಮರದ ಹಡಗು ಎಷ್ಟು ಚೆನ್ನಾಗಿ ಕಟ್ಟಿದರೂ ಜಿನುಗುತ್ತದೆ, ತಳದಲ್ಲಿ ನೀರು ನಿಲ್ಲುತ್ತದೆ. ಆ ನೀರನ್ನು ಹಗಲೂ ರಾತ್ರಿ ಹೊರಹಾಕಲು ತಿದಿಯಂತೆ ಏರಿಳಿಸುವ ಕೈಪಂಪು ಇರುತ್ತಿತ್ತು. ಆ ಪಂಪಿನ ಹಿಡಿಕೆ ಆಡುವ ಕವೆಗೂ ಹಿಡಿಕೆಗೂ ನಾವಿಕರು ಇದೇ ಪದ ಬಳಸುತ್ತಿದ್ದರು. ಕವೆಯಲ್ಲಿ ಕೂತು ಏರಿಳಿಯುವ ಮರ, ಆ ಮರದ ಬಲದಿಂದ ಮೇಲೆ ಬರುವ ನೀರು. ಹೊಲದ ಅಂಚಿನಲ್ಲಿ ಏತವನ್ನು ಕಂಡ ನಾವಿಕನ ಕಣ್ಣಿಗೆ ಅದು ಅಪರಿಚಿತ ಅನ್ನಿಸಲು ಕಾರಣವೇ ಇರಲಿಲ್ಲ.

ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್ ಸೇರಿ ಮಾಡಿದ ಆಂಗ್ಲೋ-ಇಂಡಿಯನ್ ಪದಗಳ ಹೆಸರಾಂತ ನಿಘಂಟು ‘ಹಾಬ್ಸನ್-ಜಾಬ್ಸನ್’ 1886ರಲ್ಲಿ ಅಚ್ಚಾಯಿತು. ಬರ್ನೆಲ್ ಮಂಗಳೂರಿನಲ್ಲೂ ತಂಜಾವೂರಿನಲ್ಲೂ ನ್ಯಾಯಾಧೀಶರಾಗಿದ್ದವರು, ನಿಘಂಟು ಮುಗಿಯುವ ಮೊದಲೇ 1882ರಲ್ಲಿ ತೀರಿಕೊಂಡರು. ಆ ನಿಘಂಟು ಪಿಕೊಟ್ಟಾ ಪದವನ್ನು ಹಡಗಿನ ಪಂಪಿನ ಪದವೆಂದೇ ವಿವರಿಸುತ್ತದೆ. ‘ಹಡಗಿನಿಂದ ಇಳಿದ ಪದ’ ಎಂಬ ಮಾತು ಹರಡಿದ್ದರಲ್ಲಿ ಅದರ ಪಾಲು ದೊಡ್ಡದು. ನನಗೆ ಅದು ಅರ್ಧ ಮಾತ್ರ ನಿಜವೆನ್ನಿಸುತ್ತದೆ. ಪೋರ್ಚುಗಲ್ಲಿನ ಹಳ್ಳಿಗಳಲ್ಲೂ ಇದೇ ಸಾಧನ ಇತ್ತು, ಅಲ್ಲಿಯೂ ಅದಕ್ಕೆ ಪಿಕೋಟ ಎಂಬ ಹೆಸರಿದೆ. ಇನ್ನೊಂದು ಹೆಸರು ‘ಸೆಗೊನ್ಯ’, ಅಂದರೆ ಕೊಕ್ಕರೆ. ಕತ್ತು ಬಗ್ಗಿಸಿ ನೀರಿಗೆ ಕೊಕ್ಕು ಇಳಿಸಿ ಮತ್ತೆ ನೆಟ್ಟಗಾಗುವ ಕೊಕ್ಕರೆಯನ್ನು ನೆನೆಸಿಕೊಳ್ಳಿ, ಹೆಸರು ಎಷ್ಟು ಒಪ್ಪುತ್ತದೆ ಎಂದು ತಿಳಿಯುತ್ತದೆ. ಆ ಹೆಸರೂ ಇಂದು ನಿನ್ನೆಯದಲ್ಲ. 636ರಲ್ಲಿ ತೀರಿಕೊಂಡ ಸೆವಿಲ್‌ನ ಇಸಿಡೋರ್ ತನ್ನ ಲ್ಯಾಟಿನ್ ಪದಕೋಶದಲ್ಲಿ, ತೋಟಗಾರರು ನೀರೆತ್ತುವ ಈ ಉದ್ದನೆಯ ಮರಕ್ಕೆ ಸ್ಪೇನಿನವರು ಕೊಕ್ಕರೆ ಎನ್ನುತ್ತಾರೆ ಎಂದು ಬರೆದಿಟ್ಟಿದ್ದಾನೆ. ಕೊರೊಮಂಡಲ, ಅಂದರೆ ಮದ್ರಾಸಿನ ಕಡೆಯ ಪೂರ್ವ ಕರಾವಳಿಗೆ ಬಂದ ಪೋರ್ಚುಗೀಸರಲ್ಲಿ ಅನೇಕರು ಹಳ್ಳಿಯ ಹುಡುಗರೇ. ಅವರು ಏತವನ್ನು ಕಂಡಾಗ ಹಡಗಿನ ಪಂಪಿಗಿಂತ ಮೊದಲು ತಮ್ಮೂರಿನ ಬಾವಿಯೇ ನೆನಪಾಗಿರಬೇಕು ಎಂಬ ಕಡೆಗೆ ನನ್ನ ಒಲವು. ಹೊಲದಿಂದ ಹಡಗಿಗೆ ಹೋದ ಪದ ಮತ್ತೆ ಹೊಲಕ್ಕೆ ಇಳಿಯಿತು, ಇಳಿದದ್ದು ಮಾತ್ರ ಬೇರೆ ದೇಶದ ಹೊಲಕ್ಕೆ.

ಇದು ಒಂಟಿ ಉದಾಹರಣೆಯೂ ಅಲ್ಲ. ನೀರೆತ್ತುವ ಈ ಮರಕ್ಕೆ ಲ್ಯಾಟಿನ್ನಿನಲ್ಲಿ ‘ತೊಲ್ಲೇನೊ’ ಎನ್ನುತ್ತಿದ್ದರು, ಎತ್ತು ಎಂಬ ಕ್ರಿಯಾಪದದಿಂದ ಬಂದ ಹೆಸರು. ಕೋಟೆಯ ಗೋಡೆಯ ಮೇಲಕ್ಕೆ ಸೈನಿಕರನ್ನು ಎತ್ತಿ ಇಳಿಸುವ ಯುದ್ಧಯಂತ್ರಕ್ಕೂ ಅದೇ ಹೆಸರು. ಸಿರಾಕ್ಯೂಸ್ ಪಟ್ಟಣವನ್ನು ರೋಮನ್ನರು ಮುತ್ತಿದಾಗ ಆರ್ಕಿಮಿಡೀಸ್ ಗೋಡೆಯ ಮೇಲಿಂದ ಇಂಥದೇ ಮರವನ್ನು ಹೊರಚಾಚಿ, ಕಬ್ಬಿಣದ ಕೊಕ್ಕೆಯಿಂದ ಹಡಗುಗಳ ಮೂತಿ ಹಿಡಿದೆತ್ತಿದ ಎಂದು ರೋಮನ್ ಇತಿಹಾಸಕಾರ ಲಿವಿ ಬರೆದಿದ್ದಾನೆ. ಅವನು ಅಲ್ಲಿ ಬಳಸುವ ಪದವೂ ತೊಲ್ಲೇನೊ. ಇಂಗ್ಲಿಷಿನಲ್ಲಿ ಏತಕ್ಕೆ ‘ಸ್ವೀಪ್’ ಎನ್ನುತ್ತಾರೆ, ದೋಣಿಯ ಉದ್ದನೆಯ ಹುಟ್ಟಿಗೂ ಸ್ವೀಪ್ ಎಂದೇ ಹೆಸರು. ನಮ್ಮ ಕಡೆಗೆ ಬಂದರೆ, ಸಂಸ್ಕೃತದಲ್ಲಿ ‘ಕೂಪ’ ಎಂದರೆ ಬಾವಿ ಎಂಬುದು ನಿಮಗೆ ಗೊತ್ತಿದೆ, ‘ಕೂಪಕ’ ಎಂದರೆ ಹಡಗಿನ ಪಟಸ್ತಂಭ. ಅಮರಕೋಶ ಅದಕ್ಕೆ ‘ಗುಣವೃಕ್ಷಕ’ ಎಂದೂ ಹೆಸರು ಕೊಡುತ್ತದೆ, ಹಗ್ಗಗಳ ಮರ ಎಂದು ಅದರ ಅರ್ಥ. ಹಾಯಿಹಡಗನ್ನು ಒಮ್ಮೆ ನೋಡಿದವರಿಗೆ ಇದಕ್ಕಿಂತ ಚಂದದ ಹೆಸರು ಹೊಳೆಯುವುದಿಲ್ಲ. ಕನ್ನಡದಲ್ಲಿ ಅದೇ ಕೂವೆಮರ. ನೆಟ್ಟ ಕಂಬ, ಆಡುವ ಮರ, ಹಗ್ಗ, ಭಾರ: ನೇಗಿಲು ಹಿಡಿದವನಿಗೂ ಹಾಯಿ ಕಟ್ಟಿದವನಿಗೂ ಬೇಕಾದದ್ದು ಇವೇ ನಾಲ್ಕು. ಹೀಗಾಗಿ ಒಬ್ಬರ ಪದ ಇನ್ನೊಬ್ಬರಿಗೆ ಸಲೀಸಾಗಿ ಒದಗಿಬಂತು.

ಹಾಗಾದರೆ ಪೋರ್ಚುಗೀಸ್ ಮಾತು ಇಂಗ್ಲಿಷ್ ಕಾಗದಕ್ಕೆ ಹೇಗೆ ಬಂತು? ಇಂಗ್ಲಿಷರು 1639ರಲ್ಲಿ ಮದ್ರಾಸಿನಲ್ಲಿ ನೆಲೆಯೂರುವ ಹೊತ್ತಿಗೆ ಆ ಕರಾವಳಿಯಲ್ಲಿ ಪೋರ್ಚುಗೀಸರು ಒಂದು ಶತಮಾನಕ್ಕಿಂತ ಹೆಚ್ಚು ಕಾಲ ವ್ಯಾಪಾರ ಮಾಡಿದ್ದರು. ಮೈಲಾಪುರ, ನಾಗಪಟ್ಟಣಗಳಲ್ಲಿ ಅವರ ನೆಲೆಗಳಿದ್ದವು. ಮುರುಕು ಪೋರ್ಚುಗೀಸೇ ಬಂದರುಗಳ ಸಂಪರ್ಕ ಭಾಷೆಯಾಗಿತ್ತು. ದುಭಾಷಿಗಳು, ಸೇವಕರು, ದಲ್ಲಾಳಿಗಳು ಹೊಸಬರೊಂದಿಗೆ ಅದರಲ್ಲೇ ಮಾತಾಡುತ್ತಿದ್ದರು. ಪ್ಯೂನ್, ಆಯಾ ಎಂಬ ಮಾತುಗಳು ಇಂಗ್ಲಿಷರ ಬಾಯಿಗೆ ಬಂದದ್ದು ಹೀಗೆಯೇ, ಪಿಕೊಟ್ಟಾ ಕೂಡ ಅದೇ ದಾರಿಯಲ್ಲಿ ಬಂತು. ಫ್ರೆಂಚ್ ಪ್ರವಾಸಿ ಪಿಯರ್ ಸೊನ್ನೆರಾ 1782ರ ತನ್ನ ಪ್ರವಾಸ ಗ್ರಂಥದಲ್ಲಿ ಬಾವಿಯ ಅಂಚಿನ ಈ ಸಾಧನವನ್ನು ‘ಪಿಕೋತ್’ ಎಂದು ವಿವರಿಸುತ್ತಾನೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕೊರೊಮಂಡಲದಲ್ಲಿ ಓಡಾಡಿದ ಡಚ್ಚರ ಯಾಕೋಬ್ ಹಾಫ್ನರ್, ಎಲ್ಲೆಲ್ಲೂ ಏತಗಳು ಆಡುತ್ತಿದ್ದವು, ಎಲ್ಲೆಲ್ಲೂ ತೋಟಗಾರರು ಹಾಡಿನಿಂದ ಕೆಲಸವನ್ನು ಹಗುರ ಮಾಡಿಕೊಳ್ಳುತ್ತಿದ್ದರು ಎಂದು ಬರೆದ. ಅವನ ಕಿವಿ ಚುರುಕಾಗಿತ್ತು. ಆ ಹಾಡಿಗೆ ಬೇಸರ ಕಳೆಯುವುದಷ್ಟೇ ಅಲ್ಲದೆ ಎಣಿಕೆ ಇಡುವ ಕೆಲಸವೂ ಇತ್ತು: ಎಷ್ಟು ಬಾನಿ ಸುರಿದಾಯಿತು, ಯಾವಾಗ ಆಳು ಬದಲಾಗಬೇಕು ಎಂಬ ಲೆಕ್ಕ ಹಾಡಿನೊಳಗೇ ಇರುತ್ತಿತ್ತು. ಏತದ ಹಾಡಿಗೆ ಎದುರು ಹಾಡಿಲ್ಲ ಎಂದು ತಮಿಳಿನಲ್ಲಿ ಗಾದೆಯೇ ಇದೆ.

ನಿಮಗೆ ಹೆಚ್ಚು ಉಪಯೋಗವಾಗುವ ಸಾಕ್ಷಿ ಫ್ರಾನ್ಸಿಸ್ ಬುಕಾನನ್‌ನದು. ಟಿಪ್ಪುವಿನ ಪತನದ ನಂತರ 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಆತನ ವರದಿ 1807ರಲ್ಲಿ ಪ್ರಕಟವಾಯಿತು. ಅದರ ಆರಂಭದಲ್ಲೇ, ಭತ್ತದ ಗದ್ದೆಗೆ ಜನ ‘ಯಾತಂ’ನಿಂದ ನೀರೆತ್ತುತ್ತಿದ್ದರು, ಇಂಗ್ಲಿಷರು ಇದಕ್ಕೆ ‘ಪಕೋಟ’ ಎನ್ನುತ್ತಾರೆ ಎಂದು ಆತ ಬರೆಯುತ್ತಾನೆ. ಎರಡೂ ಹೆಸರು ಒಂದೇ ಸಾಲಿನಲ್ಲಿವೆ, ಯಾವುದು ಯಾರ ಮಾತು ಎಂಬುದೂ ಅಲ್ಲೇ ಇದೆ. ಆತ ‘ಕಪಿಲೆ’ಯನ್ನು ಬೇರೆಯೇ ಸಾಧನವಾಗಿ ಹೆಸರಿಸುತ್ತಾನೆ. ಈ ಕೊನೆಯ ಅಂಶವನ್ನು ನೆನಪಿನಲ್ಲಿಡಿ.

ಈಗ ದೊಡ್ಡಪ್ಪನವರ ‘ಪೈ ಕೊಟ್ಟು’. ಕೇಳಲು ಹಿತವಾಗಿದೆ, ಪೈಕೊಟ್ಟಾ ಎಂಬ ಹಳೆಯ ಬರವಣಿಗೆಗೂ ಹೊಂದುತ್ತದೆ, ಹಾಗಾಗಿ ಅವರನ್ನು ದೂರಲಾರೆ. ಆದರೆ ಏತದಲ್ಲಿ ಚೀಲ ಮುಖ್ಯವಲ್ಲ, ಅದಕ್ಕೆ ಬಾನಿ. ತೊಗಲಿನ ಚೀಲ ಇರುವುದು ಕಪಿಲೆಯಲ್ಲಿ. ತಮಿಳು ರೈತ ಏತಕ್ಕೆ ಹೇಳುವುದು ‘ಏಱ್ಱಂ’, ಆಡುಮಾತಿನಲ್ಲಿ ‘ಏತ್ತಂ’. ಎಲ್ಲಕ್ಕಿಂತ ಮಿಗಿಲಾಗಿ, ತಮಿಳು ಕೇಳದ ಪೋರ್ಚುಗಲ್ಲಿನ ಹಳ್ಳಿಗಳಲ್ಲಿ ಅದೇ ಸಾಧನಕ್ಕೆ ಅದೇ ಹೆಸರಿದೆ.

ಮೇಷ್ಟ್ರ ‘ಯಂತ್ರ’ದ ಮಾತಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಇಲ್ಲಿ ನಮ್ಮ ಭಾಷೆಯ ಒಂದು ಸೊಗಸಾದ ಲೆಕ್ಕ ಅಡಗಿದೆ. ಸಂಸ್ಕೃತದ ಮೊದಲ ‘ಯ’ ಹಳೆಯ ತದ್ಭವಗಳಲ್ಲಿ ‘ಜ’ ಆಗುತ್ತದೆ: ಯಮ ಜವನಾದ, ಯಾತ್ರೆ ಜಾತ್ರೆಯಾಯಿತು, ಯೌವನ ಜವ್ವನವಾಯಿತು. ಯಂತ್ರವೂ ‘ಜಂತ್ರ’ವಾಗಿದೆ. ಅದು ಏತವಾಗುವುದಿಲ್ಲ. ಏತ ಹುಟ್ಟಿದ್ದು ‘ಏರು’ ಎಂಬ ನಮ್ಮದೇ ಕ್ರಿಯಾಪದದಿಂದ. ಹಳಗನ್ನಡದಲ್ಲಿ ಅದು ಶಕಟರೇಫದ ‘ಏಱು’. ಈ ಱ ಅಕ್ಷರ ಈಗ ನಮ್ಮ ಬರವಣಿಗೆಯಿಂದ ಹೋಗಿದೆ, ಆದರೆ ಅದು ಬಿಟ್ಟುಹೋದ ಗುರುತುಗಳು ಉಳಿದಿವೆ. ‘ನಾಱು’ ಎಂಬ ಕ್ರಿಯಾಪದ ನೋಡಿ. ತಮಿಳಿನಲ್ಲಿ ಅದರಿಂದ ‘ನಾಱ್ಱಂ’ ಎಂಬ ನಾಮಪದ ಬಂತು, ಕನ್ನಡದಲ್ಲಿ ‘ನಾತ’. ತಮಿಳಿನ ‘ಮಾಱ್ಱಂ’ಗೆ ಮಾತು ಎಂಬ ಅರ್ಥವಿದೆ, ಅದಕ್ಕೆ ಸರಿಯಾದ ಕನ್ನಡ ರೂಪ ನಾವು ದಿನವೂ ಆಡುವ ‘ಮಾತು’. ಅದೇ ಅಚ್ಚಿನಲ್ಲಿ ತಮಿಳಿನ ‘ಏಱ್ಱಂ’ಗೆ ಕನ್ನಡದ ‘ಏತ’, ತೆಲುಗಿನ ‘ಏತಮು’. ನಾರುವುದು ನಾತ, ಏರಿಸುವುದು ಏತ. ಮೂರು ಭಾಷೆಗಳೂ ಒಂದೇ ಬೇರಿನಿಂದ ಪಡೆದುಕೊಂಡ ಹೆಸರು ಇದು. ಲ್ಯಾಟಿನ್ನಿನ ತೊಲ್ಲೇನೊ ಕೂಡ ಎತ್ತುವ ಕೆಲಸದಿಂದಲೇ ಹೆಸರು ಪಡೆಯಿತು ಎಂದು ಆಗಲೇ ಹೇಳಿದೆ. ಒಬ್ಬರನ್ನೊಬ್ಬರು ಕಾಣದ ಎರಡು ಜನ ಒಂದೇ ಕೆಲಸವನ್ನು ನೋಡಿ ಒಂದೇ ರೀತಿ ಹೆಸರಿಟ್ಟದ್ದು ನನಗೆ ಪ್ರತಿ ಸಲವೂ ಸಂತೋಷ ಕೊಡುವ ಸಂಗತಿ.

ಪರಂಗಿಯವರು ಏತವನ್ನು ತಂದರು ಎಂಬುದಂತೂ ಸುಳ್ಳು. ಅವರು ತಂದದ್ದು ಹೆಸರನ್ನು ಮಾತ್ರ. ಬೌದ್ಧ ಭಿಕ್ಷುಗಳ ನಿಯಮಗಳನ್ನು ಹೇಳುವ ಪಾಲಿ ವಿನಯಪಿಟಕದಲ್ಲಿ ಬಾವಿಯಿಂದ ನೀರೆತ್ತಲು ಅನುಮತಿಸಿದ ಸಾಧನಗಳ ಪೈಕಿ ‘ತುಲಾ’ ಒಂದು. ತಕ್ಕಡಿಯಂತೆ ತೂಗುವ ಮರ, ಎಂದರೆ ಏತವೇ. ಈಜಿಪ್ಟಿನಲ್ಲಿ ಇದಕ್ಕೆ ಶಾದೂಫ್ ಎನ್ನುತ್ತಾರೆ, ಅಲ್ಲಿ ಮೂರು ಸಾವಿರ ವರ್ಷಕ್ಕೂ ಹಳೆಯದಾದ ಗೋರಿಯ ಗೋಡೆಯ ಮೇಲೆ ತೋಟಗಾರನೊಬ್ಬ ಏತ ಎತ್ತುವ ಚಿತ್ರವಿದೆ. ಹೊರಗಿನಿಂದ ವಸ್ತು ಬಂದಾಗ ಹೆಸರು ಅದರ ಜೊತೆಗೇ ನಮ್ಮ ಮನೆಯೊಳಗೆ ಬಂದು ಕೂರುತ್ತದೆ: ಮೇಜು, ಚಾವಿ, ಬಟಾಟೆ, ಇಸ್ತ್ರಿ, ಪೀಪಾಯಿ, ಇವೆಲ್ಲ ಪೋರ್ಚುಗೀಸ್ ಮಾತುಗಳೇ. ಪಿಕೋಟ ಮಾತ್ರ ಕನ್ನಡಕ್ಕೆ ಬರಲಿಲ್ಲ. ಇಲ್ಲಿ ಏತ ಎಂಬ ವಸ್ತುವೂ ಇತ್ತು, ಹೆಸರೂ ಇತ್ತು, ಹೊಸ ಹೆಸರಿಗೆ ಜಾಗ ಖಾಲಿ ಇರಲಿಲ್ಲ. ಅದು ಕಡತದಲ್ಲೇ ಹುಟ್ಟಿ ಕಡತದಲ್ಲೇ ಉಳಿಯಿತು.

ಇನ್ನು ಪಾಲುಪತ್ರದ ವಿಚಾರ. ನಿಮ್ಮ ಮುಂದೆ ನಾಲ್ಕೈದು ದಾರಿಗಳಿವೆ, ಎಲ್ಲದರಲ್ಲೂ ಸ್ವಲ್ಪ ಅಪಾಯವಿದೆ.

‘ಪಿಕೊಟ್ಟಾ’ ಎಂದೇ ಉಳಿಸಿದರೆ ಮೂಲಕ್ಕೆ ನಿಷ್ಠೆ ತೋರಿಸಿದಂತಾಗುತ್ತದೆ, ಆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಪಿ. ಕೊಟ್ಟ’ ಹುಟ್ಟಿಕೊಂಡದ್ದೇ ಹೀಗೆ. ಇಲ್ಲದ ಊರೊಂದು ದಾಖಲೆಯೊಳಗೆ ಸೇರಿಬಿಟ್ಟರೆ ಮುಂದಿನ ತಲೆಮಾರು ಆ ಬಾವಿಯನ್ನು ಬೇರೆಲ್ಲೋ ಹುಡುಕುತ್ತದೆ. ‘ನೀರೆತ್ತುವ ಯಂತ್ರ’ ಎಂದರೆ ಇವತ್ತಿನ ಕಣ್ಣಿಗೆ ಪಂಪ್‌ಸೆಟ್ ಕಾಣುತ್ತದೆ, ಅದರ ಹಿಂದೆಯೇ ವಿದ್ಯುತ್ ಸಂಪರ್ಕ ಯಾರ ಹೆಸರಿನಲ್ಲಿತ್ತು ಎಂಬ ಪ್ರಶ್ನೆ ಬರುತ್ತದೆ. ‘ಏತ ನೀರಾವರಿ ಬಾವಿ’ ಎಂಬುದೂ ಬೇಡ. ಏತ ಎಂಬ ಹಳೆಯ ಮಾತಿಗೆ ಸರ್ಕಾರ ಹೊಸ ಜೀವ ಕೊಟ್ಟಿದೆ, ಅದು ನನಗೆ ಪ್ರೀತಿಯ ಸಂಗತಿಯೇ. ಆದರೆ ಸಿಂಗಟಾಲೂರು ಏತ ನೀರಾವರಿ, ಮುಳವಾಡ ಏತ ನೀರಾವರಿ ಎನ್ನುವಾಗ ನದಿಯಿಂದ ದೊಡ್ಡ ಪಂಪುಗಳಲ್ಲಿ ನೀರೆತ್ತಿ ಕಾಲುವೆಗೆ ಹರಿಸುವ ಯೋಜನೆ ಎಂದೇ ಅರ್ಥ. ಕಲ್ಲುಕಟ್ಟಿನ ಬಾವಿಯೊಂದು ಸರ್ಕಾರಿ ಯೋಜನೆಯ ಬಾವಿಯಂತೆ ತೋರಬಾರದು.

ಎಲ್ಲಕ್ಕಿಂತ ಅಪಾಯದ್ದು ‘ಕಪಿಲೆ ಬಾವಿ’. ಕಪಿಲೆಗೆ ಜೋಡಿ ಎತ್ತು ಬೇಕು. ಎತ್ತುಗಳು ಬಾವಿಗೆ ಬೆನ್ನು ಮಾಡಿ ಇಳಿಜಾರಿನಲ್ಲಿ ನಡೆಯುತ್ತವೆ, ಮಿಣಿ ರಾಟೆಯ ಮೇಲೆ ಹಾದು ತೊಗಲಿನ ಚೀಲ ಮೇಲೆ ಬರುತ್ತದೆ. ಬಾವಿ ಎಷ್ಟು ಆಳವೋ ಇಳಿಜಾರು ಅಷ್ಟು ಉದ್ದ. ಅಂದರೆ ಕಪಿಲೆ ಎಂದ ಕೂಡಲೇ ಬಾವಿಯ ಜೊತೆಗೆ ಎತ್ತು ನಡೆಯುವ ನೆಲವೂ ಬರುತ್ತದೆ. ಏತಕ್ಕೆ ಅದರ ಅಗತ್ಯವಿಲ್ಲ, ಕಂಬ ನೆಡುವಷ್ಟು ಜಾಗ ಸಾಕು. ಕೆಲವು ವರ್ಷಗಳ ಹಿಂದೆ ಒಂದು ಕುಟುಂಬದ ಕಾಗದಗಳು ನನ್ನ ಬಳಿಗೆ ಬಂದಿದ್ದವು. ಪಾಲುಪಟ್ಟಿ ಮಾಡುವಾಗ ಯಾರೋ ಪಿಕೊಟ್ಟಾವನ್ನು ಕಪಿಲೆ ಎಂದು ಬರೆದಿದ್ದರು. ಬಾವಿ ಒಬ್ಬರಿಗೆ, ಪಕ್ಕದ ನೆಲ ಇನ್ನೊಬ್ಬರಿಗೆ. ಬಾವಿಯ ಪಾಲುದಾರ, ಕಪಿಲೆ ಇತ್ತೆಂದ ಮೇಲೆ ಎತ್ತಿನ ದಾರಿಯೂ ಇತ್ತು, ಅದು ನನಗೆ ಸೇರಬೇಕು ಎಂದು ಪಟ್ಟು ಹಿಡಿದರು. ಆ ದಾರಿ ಅಲ್ಲಿ ಯಾವತ್ತೂ ಇರಲೇ ಇಲ್ಲ. ಒಂದು ಪದದ ಸಲುವಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿ ನನಗೆ ಬಹಳ ದುಃಖವಾಯಿತು. ನಿಮ್ಮ ಮನೆಯಲ್ಲಿ ಹಾಗಾಗದಿರಲಿ ಎಂದೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಆದರೆ ಗುಮಾಸ್ತರೂ ತಪ್ಪು ಮಾಡುತ್ತಿದ್ದರು. ಕೊಯಮತ್ತೂರು ಸೀಮೆ ಕಪಿಲೆಗೆ ಹೆಸರಾದದ್ದು, ತಮಿಳಿನಲ್ಲಿ ಅಲ್ಲಿ ಅದಕ್ಕೆ ಕವಲೈ ಎನ್ನುತ್ತಾರೆ. ನೀರೆತ್ತುವುದೆಲ್ಲ ಪಿಕೊಟ್ಟಾ ಎಂದುಕೊಂಡ ಅನುವಾದಕನೊಬ್ಬ ಕಪಿಲೆಯನ್ನೂ ಹಾಗೆ ಬರೆದಿರುವುದು ಅಸಾಧ್ಯವಲ್ಲ. ಆದ್ದರಿಂ­ದ ಕಾಗದವನ್ನು ಮಾತ್ರ ನಂಬದೆ ಬಾವಿಯನ್ನೂ ಕೇಳಬೇಕು. ಕಪಿಲೆ ಬಾವಿಯಾಗಿದ್ದರೆ ರಾಟೆಯ ಚೌಕಟ್ಟು ನಿಲ್ಲಿಸಲು ಬಾವಿಯ ಬಾಯಿಯ ಅಂಚಿನಲ್ಲೇ ಜೋಡಿ ಕಲ್ಲುಗಳಿರುತ್ತವೆ, ಎಷ್ಟೋ ಕಡೆ ಅವು ಬಾವಿಯ ಒಳಕ್ಕೆ ಚಾಚಿಕೊಂಡಿರುತ್ತವೆ. ಆ ಕಲ್ಲುಗಳಿಗೆ ನೇರವಾಗಿ, ಬಾವಿಯಿಂದ ದೂರಕ್ಕೆ ನೆಲ ಇಳಿಜಾರಾಗಿರುತ್ತದೆ, ಉಳುಮೆ ಮಾಡಿ ಸಮ ಮಾಡಿದ್ದರೂ ಮಳೆ ನೀರು ಅಲ್ಲಿ ಹರಿಯುವ ರೀತಿಯಲ್ಲಿ ಗುರುತು ಸಿಗುತ್ತದೆ. ಏತದ ಬಾವಿಯಾಗಿದ್ದರೆ ಕಂಬದ ಕುಳಿ ಅಂಚಿನಲ್ಲಿರುವುದಿಲ್ಲ, ಉದ್ದನೆಯ ತೋಳಿನಷ್ಟು ಹಿಂದಕ್ಕೆ ಇರುತ್ತದೆ. ಮರದ ಕಂಬ ಎಂದೋ ಮಣ್ಣಾಗಿರುತ್ತದೆ, ಅದನ್ನು ಬಿಗಿಯಾಗಿ ಹಿಡಿಯಲು ಹೂತ ಕಲ್ಲುಗಳು ಉಳಿದಿರಬಹುದು. ಕಲ್ಲುಕಂಬವಾಗಿದ್ದರೆ ಅದರ ನೆತ್ತಿಯಲ್ಲಿ ಅಡ್ಡಗೂಟ ಕೂರುವ ತೂತನ್ನು ನೋಡಿ. ತೂತಿನ ಕೆಳ ಅಂಚನ್ನು ಬೆರಳಿನಿಂದ ಸವರಿ. ವರ್ಷಗಟ್ಟಲೆ ಗೂಟ ತಿರುಗಿದ ಕಡೆ ಕಲ್ಲು ಬಟ್ಟಲಿನಂತೆ ಸವೆದು ನುಣುಪಾಗಿರುತ್ತದೆ, ಮೇಲಿನ ಅಂಚು ಉಳಿಯ ಗುರುತಿನೊಂದಿಗೆ ಒರಟಾಗಿಯೇ ಉಳಿದಿರುತ್ತದೆ. ಬಾವಿಯ ಆಳವನ್ನೂ ಅಳೆಯಿಸಿ. ನೀರು ಹದಿನೈದು ಇಪ್ಪತ್ತು ಅಡಿಯೊಳಗೆ ಸಿಗುತ್ತಿದ್ದ ಬಾವಿಗೆ ಏತ ಒಪ್ಪುತ್ತದೆ, ಅದಕ್ಕಿಂತ ಬಹಳ ಆಳವಾಗಿದ್ದರೆ ಅನುಮಾನಪಡಬೇಕು. ಇಳಿದು ನೋಡಲು ಮಾತ್ರ ಹೋಗಬೇಡಿ. ಪಾಳುಬಿದ್ದ ಬಾವಿಯೊಳಗೆ ಗಾಳಿ ಕೆಟ್ಟಿರುತ್ತದೆ, ಕಟ್ಟಡ ಸಡಿಲವಾಗಿರುತ್ತದೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಆಳ ತಿಳಿಯುತ್ತದೆ. ಊರಿನಲ್ಲಿ ಎಂಬತ್ತು ದಾಟಿದವರು ಇದ್ದರೆ, ಆ ಬಾವಿಯಿಂದ ನೀರು ಹೇಗೆ ಎತ್ತುತ್ತಿದ್ದರು ಎಂದು ಕೇಳಿ. ‘ಏತ ಇತ್ತೇ’ ಎಂದು ಕೇಳಿದರೆ ಹೌದು ಎನ್ನುತ್ತಾರೆ, ‘ಕಪಿಲೆ ಇತ್ತೇ’ ಎಂದರೂ ಹೌದು ಎನ್ನುತ್ತಾರೆ. ಉತ್ತರವನ್ನು ನೀವೇ ಅವರ ಬಾಯಿಗಿಡದೆ, ಅವರಾಗಿ ಹೇಳಲು ಬಿಡಿ.

ಗುರುತುಗಳು ಏತಕ್ಕೆ ಹೊಂದಿದರೆ ಪಾಲುಪತ್ರದಲ್ಲಿ ಹೀಗೆ ಬರೆಸಿ: ‘ಏತ ಇದ್ದ ಕಲ್ಲುಕಟ್ಟಿನ ಬಾವಿ, ಮೂಲದ ಇಂಗ್ಲಿಷ್ ಅನುವಾದದಲ್ಲಿ ಏತವನ್ನು ಪಿಕೊಟ್ಟಾ ಎಂದು ನಮೂದಿಸಲಾಗಿದೆ, ಈಗ ಏತ ಇಲ್ಲ.’ ಇದರಿಂದ ಹಳೆಯ ಪತ್ರಕ್ಕೂ ಹೊಸ ಪತ್ರಕ್ಕೂ ನಡುವಿನ ಕೊಂಡಿ ತಪ್ಪುವುದಿಲ್ಲ, ಹೊಸ ಹಕ್ಕೂ ಹುಟ್ಟುವುದಿಲ್ಲ. ಗುರುತುಗಳು ಕಪಿಲೆಯನ್ನು ತೋರಿಸಿದರೆ ನೀವಾಗಿಯೇ ಪದ ಬದಲಿಸಬೇಡಿ. ಪಿಕೊಟ್ಟಾ ಎಂದರೆ ಏತ ಎಂದೇ ಅನುವಾದಿಸಿ, ನೆಲದ ಮೇಲೆ ಕಂಡದ್ದನ್ನು ಬೇರೆ ಟಿಪ್ಪಣಿಯಾಗಿ ಸೇರಿಸಿ, ಇಳಿಜಾರಿನ ನೆಲ ಯಾರ ಪಾಲಿಗೆ ಎಂಬುದನ್ನು ಮೂವರೂ ಕೂತು ಈಗಲೇ ತೀರ್ಮಾನಿಸಿ ವಕೀಲರಿಂದ ಸ್ಪಷ್ಟವಾಗಿ ಬರೆಸಿ. ಎರಡರಲ್ಲಿ ಯಾವುದೇ ಆದರೂ ಸಹಿ ಹಾಕುವ ಮೊದಲು ‘ಪಿ. ಕೊಟ್ಟ’ ಇರುವ ಪ್ರತಿಯನ್ನು ಅನುವಾದಕರಿಂದ ತಿದ್ದಿಸಿ ಹೊಸದಾಗಿ ಪಡೆಯಿರಿ, ಹಳೆಯದು ಯಾರ ಕಟ್ಟಿನಲ್ಲೂ ಉಳಿಯದಂತೆ ನೋಡಿಕೊಳ್ಳಿ. ಕಂಬದ ಕಲ್ಲು ಇನ್ನೂ ಇದ್ದರೆ ತೂತು ಕಾಣುವಂತೆ ಒಂದೆರಡು ಚಿತ್ರ ತೆಗೆದು ಪತ್ರದ ಜೊತೆಗಿಡಿ. ಜಮೀನು ಸಮ ಮಾಡಲು ಯಂತ್ರ ಬಂದ ದಿನ ಮೊದಲು ಕಣ್ಮರೆಯಾಗುವುದು ಆ ಕಲ್ಲೇ.